ಗ್ರಾಹಕರ ಕಟ್ಟೆ: ಗೋವಾ ಪುಕ್ಕಟೆ, ರಿಜಿಸ್ಟ್ರೇಷನ್‌ಗೆ ಮಾತ್ರ ದುಡ್ಡು!

ಈ ಸಲದ ಟಪಾಲಿನಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ‘ಅಭಿನಂದನೆಗಳು, ನಿಮಗೆ ಪ್ರವಾಸದ ಬಹುಮಾನ ಬಂದಿದೆ’ ಎನ್ನುವ ಫೋನು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಒಬ್ಬಾಕಿ ಹಿಂದಿಯೊಳಗ ಶುರು ಮಾಡಿ, ನಾನು ಕನ್ನಡ ಅಂದ ಮ್ಯಾಲ ಚೊಲೋ ಕನ್ನಡದಾಗೇ ಮಾತಾಡಿದಳು. ನಮ್ಮ ನಂಬರ್ ಲಕ್ಕಿ ಡ್ರಾದಾಗ ಬಂದದ, ಇಬ್ಬರಿಗೆ ಗೋವಾದಾಗ 3 ರಾತ್ರಿ 4 ದಿನ ಪುಕ್ಕಟೆ ಅಂದಳು. ರಿಜಿಸ್ಟ್ರೇಷನ್ 2,499 ರೂಪಾಯಿ, ಮ್ಯಾಲ ಜಿಎಸ್‌ಟಿ, ಇವತ್ತೇ ಕಟ್ಟಬೇಕಂತ. ಖರೇನೋ ಸುಳ್ಳೋ?
(ಗೃಹಿಣಿ, ಸೇಡಂ ರಸ್ತೆ, ಕಲಬುರಗಿ)

ಉತ್ತರ: ಚೀಟಿಯನ್ನೇ ಹಾಕದ ಡ್ರಾದಲ್ಲಿ ನಿಮ್ಮ ಹೆಸರು ಬರುವುದಾದರೂ ಹೇಗೆ? ಬಹುಮಾನವಂತೂ ಸುಳ್ಳು. ಆದರೆ ಅದರ ಹಿಂದಿರುವ ಮೋಸ ಎರಡು ಜಾತಿಯದು. ಯಾವುದು ಅಂತ ಗುರುತಿಸದಿದ್ದರೆ ಆಮೇಲೆ ತಪ್ಪು ಬಾಗಿಲು ತಟ್ಟುತ್ತೀರಿ.

ಮೊದಲನೆಯದು ಬರೀ ಕಳ್ಳತನ. ದುಡ್ಡು ಹಾಕಿದ ಮೇಲೆ ‘ಹೋಟೆಲ್ ಕನ್ಫರ್ಮೇಷನ್’, ‘ವಿಮೆ’, ‘ಮರಳಿ ಕೊಡುವ ಡಿಪಾಜಿಟ್ಟು’ ಅಂತ ಇನ್ನೂ ಎರಡು ಮೂರು ಸಲ ಕೇಳುತ್ತಾರೆ. ನೀವು ನಿಲ್ಲಿಸಿದ ದಿನ ನಂಬರು ಸ್ವಿಚ್ ಆಫ್. ಇದಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930 ಮತ್ತು ಪೊಲೀಸು. ಎರಡನೆಯದರಲ್ಲಿ ಕಂಪನಿ ನಿಜವಾಗಿಯೂ ಇರುತ್ತದೆ, ಬಿಲ್ಲು ಕೊಡುತ್ತದೆ, ವೋಚರೂ ಕಳಿಸುತ್ತದೆ. ಮೋಸ ಇರುವುದು ವೋಚರಿನ ಹಿಂಬದಿಯ ಸಣ್ಣ ಅಕ್ಷರದಲ್ಲಿ. ಇದಕ್ಕೆ ಗ್ರಾಹಕ ಆಯೋಗ. ಎರಡನೆಯದನ್ನು ಹಿಡಿದುಕೊಂಡು ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್ ರೀ’ ಅನ್ನುವ ಮಾತು ಬರುವುದು ಅದಕ್ಕೇ.

ಗುರುತು ಹಿಡಿಯಲು ಕಂಪನಿಯ ಸಿಐಎನ್ (ಕಂಪನಿ ನೋಂದಣಿಯ ಗುರುತಿನ ಸಂಖ್ಯೆ) ಮತ್ತು ಜಿಎಸ್‌ಟಿ ನಂಬರ್ ಕೇಳಿ. ಮೊದಲ ಜಾತಿಯವರು ಅಲ್ಲಿಗೇ ಸಿಟ್ಟಾಗುತ್ತಾರೆ ಇಲ್ಲವೇ ಫೋನಿಡುತ್ತಾರೆ. ಕೊಟ್ಟರೆ ಹೀಗೆ ಓದಿ. ಸಿಐಎನ್ 21 ಅಕ್ಷರದ್ದು; ಅದರಲ್ಲಿ 9ರಿಂದ 12ನೇ ಸ್ಥಾನದ ನಾಲ್ಕು ಅಂಕಿ ಕಂಪನಿ ನೋಂದಣಿಯಾದ ಇಸವಿ. ‘20 ವರ್ಷದಿಂದ ಇದ್ದೇವೆ’ ಅನ್ನುವವರ ಸಿಐಎನ್‌ನಲ್ಲಿ 2023 ಅಂತಿದ್ದರೆ ಉಳಿದ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ. ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ತೆಲಂಗಾಣ 36, ಮಹಾರಾಷ್ಟ್ರ 27. ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಜಿಎಸ್‌ಟಿ ಪೋರ್ಟಲಿನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಈ ನಂಬರ್ ಹಾಕಿದರೆ ಕಂಪನಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎರಡೂ ಕಾಣುತ್ತದೆ, ಲಾಗಿನ್ ಬೇಡ, ಪೈಸೆ ಬೇಡ. ಇನ್ನೂ ಸುಲಭದ್ದೊಂದು: ಅವರು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಿನ್ ಕೇಳುವ ಮೊದಲೇ ಹಣ ಯಾರ ಹೆಸರಿಗೆ ಹೋಗುತ್ತದೆ ಅಂತ ಪರದೆ ಮೇಲೆ ಬರುತ್ತದೆ. ‘ಹಾಲಿಡೇಸ್ ಪ್ರೈವೇಟ್ ಲಿಮಿಟೆಡ್’ ಅಂತ ಹೇಳಿ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ಬಿಡಿ.

ಕಂಪನಿ ನಿಜವೇ ಆದರೂ ಪುಕ್ಕಟೆ ಎಷ್ಟು ಪುಕ್ಕಟೆ ಅಂತ ಲೆಕ್ಕ ಹಾಕಿ. ಮಾದರಿಗೆ: 2,499ಕ್ಕೆ ಶೇ 18 ಜಿಎಸ್‌ಟಿ ಸೇರಿ 2,949. ‘ಯುಟಿಲಿಟಿ ಚಾರ್ಜ್’ ರಾತ್ರಿಗೆ 1,200ರಂತೆ ಮೂರು ರಾತ್ರಿಗೆ 3,600. ಊಟ ಅಲ್ಲೇ ಮಾಡಬೇಕೆಂಬ ಷರತ್ತಿದ್ದರೆ ತಲೆಗೆ ದಿನಕ್ಕೆ 900ರಂತೆ ಇಬ್ಬರಿಗೆ ಮೂರು ದಿನಕ್ಕೆ 5,400. ಒಟ್ಟು 11,949 ರೂಪಾಯಿ. ಹೋಗಿ ಬರುವ ಖರ್ಚು ನಿಮ್ಮದೇ. ಶನಿವಾರ, ಭಾನುವಾರ, ಹಬ್ಬದ ರಜೆ, ಡಿಸೆಂಬರ್ ಎಲ್ಲ ‘ಬ್ಲಾಕ್‌ಔಟ್’, ಅಂದರೆ ವೋಚರ್ ನಡೆಯದ ದಿನಗಳು. 30 ಇಲ್ಲವೇ 45 ದಿನ ಮೊದಲೇ ಮೂರು ತಾರೀಕು ಕೊಡಬೇಕು, ಮೂರೂ ‘ರೂಮ್ ಇಲ್ಲ’ ಆಗುವಷ್ಟರಲ್ಲಿ ವೋಚರಿನ ಅವಧಿ ಮುಗಿದಿರುತ್ತದೆ. ಅದೇ ದುಡ್ಡಿಗೆ ಮಳೆಗಾಲದಲ್ಲಿ ನೀವೇ ನೇರ ರೂಮು ಮಾಡಿದರೆ ನಿಮಗೆ ಬೇಕಾದ ಕಡೆ ಉಣ್ಣುವ ಸ್ವಾತಂತ್ರ್ಯವಾದರೂ ಇರುತ್ತದೆ.

ಪ್ರಶ್ನೆ: ಭಾನುವಾರ ಕಲಬುರಗಿಯ ಹೋಟೆಲಿಗೆ ಬಂದು ಗಿಫ್ಟ್ ತೆಗೆದುಕೊಂಡು ಹೋಗಿ, ದುಡ್ಡು ಏನೂ ಕಟ್ಟುವುದಿಲ್ಲ, ಆದರೆ ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎನ್ನುತ್ತಾರೆ. ಇಬ್ಬರ ಸಂಬಳ, ಕ್ರೆಡಿಟ್ ಕಾರ್ಡ್ ಇದೆಯೇ ಅಂತಲೂ ಕೇಳಿದರು. ಹೋಗಿ ಗಿಫ್ಟ್ ಮಾತ್ರ ತೆಗೆದುಕೊಂಡು ಬಂದರೆ ನಷ್ಟವೇನು?
(ಶಿಕ್ಷಕ ದಂಪತಿ, ಹುಮನಾಬಾದ್)

ಉತ್ತರ: ಬಸ್ ಚಾರ್ಜು ಮತ್ತು ಒಂದು ಭಾನುವಾರ, ಇಷ್ಟಕ್ಕೇ ಮುಗಿದರೆ ನೀವು ಗೆದ್ದಂತೆ. ಅಷ್ಟಕ್ಕೇ ಮುಗಿಯಬಾರದು ಅಂತಲೇ ಹೋಟೆಲಿನ ಆ ಸಭಾಂಗಣವನ್ನು ಸಜ್ಜು ಮಾಡಿರುತ್ತಾರೆ.

ಇಬ್ಬರೂ ಬರಬೇಕು ಅನ್ನುವುದು ಮರ್ಯಾದೆಗಲ್ಲ. ಒಬ್ಬರೇ ಹೋದರೆ ‘ಮನ್ಯಾಗ ಕೇಳಿ ಹೇಳ್ತೀನ್ರಿ’ ಅಂತ ಎದ್ದು ಬರಬಹುದು. ಇಬ್ಬರೂ ಕೂತಿದ್ದರೆ ಆ ಬಾಗಿಲು ಮುಚ್ಚಿತು. ಸಂಬಳ ಕೇಳುವುದು ಇಎಂಐ ಲೆಕ್ಕಕ್ಕೆ, ಕಾರ್ಡ್ ಕೇಳುವುದು ಅವತ್ತೇ ಉಜ್ಜುವುದಕ್ಕೆ.

ಒಳಗೆ ಹೋದ ಮೇಲೆ ನಡೆಯುವುದು ಇದು. ಹೆಸರು ಬರೆಸುವಾಗಲೇ ‘ಐಡಿಗೆ’ ಅಂತ ಆಧಾರ್ ಮತ್ತು ಕಾರ್ಡ್ ತೋರಿಸಿ ಅನ್ನುತ್ತಾರೆ. ಸಣ್ಣ ದುಂಡು ಮೇಜು, ನಿಮ್ಮಿಬ್ಬರ ಎದುರು ಒಬ್ಬ ಹುಡುಗ, ಜೋರಾಗಿ ಹಾಡು. ಮೊದಲ ಅರ್ಧ ಗಂಟೆ ಮಕ್ಕಳು, ಮನೆ, ಕಳೆದ ಸಲ ಪ್ರವಾಸಕ್ಕೆ ಎಷ್ಟು ಖರ್ಚಾಯಿತು ಎಂಬ ಮಾತು. ನಿಮ್ಮ ಬಾಯಿಂದಲೇ ‘ವರ್ಷಕ್ಕೆ 40 ಸಾವಿರ’ ಅಂತ ಹೇಳಿಸಿ, ಅದನ್ನು ಹಾಳೆ ಮೇಲೆ ದೊಡ್ಡದಾಗಿ ಬರೆದು, 10 ವರ್ಷಕ್ಕೆ ಗುಣಿಸಿ, ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಆಮೇಲೆ ಹಾಲಿಡೇ ಕ್ಲಬ್ ಸದಸ್ಯತ್ವದ ದರ 2,40,000. ನೀವು ಬೇಡ ಅಂದರೆ ‘ಮ್ಯಾನೇಜರ್’ ಬರುತ್ತಾನೆ, ದರ 1,45,000ಕ್ಕೆ ಇಳಿಯುತ್ತದೆ, ಇವತ್ತೊಂದೇ ದಿನ. ನಡುವೆ ಯಾವುದೋ ಮೇಜಿನಲ್ಲಿ ಯಾರೋ ಸಹಿ ಹಾಕಿದರೆಂದು ಗಂಟೆ ಬಾರಿಸಿ ಚಪ್ಪಾಳೆ ತಟ್ಟಿಸುತ್ತಾರೆ. 90 ನಿಮಿಷ ಅಂದದ್ದು ಮೂರು ತಾಸಾಗುತ್ತದೆ. ಮಕ್ಕಳು ಹಸಿದು ಅಳುತ್ತಿರುತ್ತಾರೆ. ಅಲ್ಲಿಂದ ಎದ್ದು ಹೊರಡಲು ಅತಿ ಹತ್ತಿರದ ದಾರಿ ಸಹಿ ಹಾಕುವುದೇ ಅನ್ನಿಸಬೇಕು, ಅದೇ ಕಸುಬು.

ಆ ಹಾಳೆಯ ಲೆಕ್ಕವನ್ನೇ ತಿರುಗಿಸಿ ಮಾಡಿ ನೋಡಿ. 1,45,000ಕ್ಕೆ 10 ವರ್ಷ, ವರ್ಷಕ್ಕೆ 6 ರಾತ್ರಿ ಅಂದರೆ 60 ರಾತ್ರಿ. ವಾರ್ಷಿಕ ನಿರ್ವಹಣಾ ಶುಲ್ಕ 9,000 ಅಂತ ಹಿಡಿದರೆ 10 ವರ್ಷಕ್ಕೆ 90,000. ಒಟ್ಟು 2,35,000. ಒಂದು ರಾತ್ರಿಯನ್ನೂ ಬಿಡದೆ ಬಳಸಿದರೆ ರಾತ್ರಿಗೆ ಸುಮಾರು 3,917 ರೂಪಾಯಿ. ಅರ್ಧ ಮಾತ್ರ ಬಳಸಿದರೆ 7,833. ಇಎಂಐ ಬಡ್ಡಿ ಇದರಲ್ಲಿ ಸೇರಿಲ್ಲ. ನಿರ್ವಹಣಾ ಶುಲ್ಕವನ್ನು ‘ಆಗಾಗ ಪರಿಷ್ಕರಿಸಬಹುದು’ ಅಂತ ಒಪ್ಪಂದದಲ್ಲಿದ್ದರೆ ಅದು ಏರುತ್ತದೆ ಅಂತಲೇ ಓದಿಕೊಳ್ಳಿ. ಎಲ್ಲ ಹಾಲಿಡೇ ಕ್ಲಬ್ಬೂ ಮೋಸವಲ್ಲ. ವರ್ಷ ವರ್ಷ ತಿರುಗಾಡುವ, ಮೊದಲೇ ತಾರೀಕು ಗೊತ್ತಿರುವ ಕುಟುಂಬಕ್ಕೆ ಒಳ್ಳೆಯ ಕಂಪನಿಯ ಸದಸ್ಯತ್ವ ಹೊಂದಬಹುದು. ಆದರೆ ಅಂಥದ್ದನ್ನು ಕೊಳ್ಳಲು ಬಹುಮಾನದ ಸುಳ್ಳು ಯಾಕೆ ಬೇಕು?

ಹೋಗಲೇಬೇಕೆಂದಿದ್ದರೆ ಕಾರ್ಡ್, ಚೆಕ್ ಬುಕ್, ಪ್ಯಾನ್ ಮನೆಯಲ್ಲಿಟ್ಟು ಹೋಗಿ. ಐಡಿ ಬೇಕೆಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಸಾಕು. ‘ಕಾರ್ಡ್ ಅರ್ಹತೆ ಚೆಕ್ ಮಾಡ್ತೀವಿ, ದುಡ್ಡು ಕಟ್ ಆಗಲ್ಲ’ ಅನ್ನುವುದು ಶುದ್ಧ ಸುಳ್ಳು. ಮಷಿನ್ನಿಗೆ ಹಾಕಿ ಪಿನ್ ಒತ್ತಿದರೆ ಅದು ಪಾವತಿಯೇ. ಒಪ್ಪಂದದ ಖಾಲಿ ಪ್ರತಿಯನ್ನು ಮನೆಗೆ ಒಯ್ದು ಓದುತ್ತೇನೆ ಅನ್ನಿ. ಕೊಡುವುದಿಲ್ಲ ಅಂದರೆ ಅದೇ ನಿಮ್ಮ ಉತ್ತರ.

ಪ್ರಶ್ನೆ: ಅಂಥದ್ದೇ ಸಭಾಂಗಣದಲ್ಲಿ ಸಹಿ ಮಾಡಿ ಬಂದುಬಿಟ್ಟಿದ್ದೇವೆ. ಕ್ರೆಡಿಟ್ ಕಾರ್ಡಿನಲ್ಲಿ 65,000 ಹೋಗಿದೆ, ಉಳಿದದ್ದಕ್ಕೆ ಸ್ಥಳದಲ್ಲೇ ಒಂದು ಆ್ಯಪ್‌ನಲ್ಲಿ ಸಾಲ ಮಾಡಿಸಿದರು. ನಾಲ್ಕು ದಿನವಾಯಿತು. ಬೇಡ ಅಂದರೆ ‘ನಾನ್ ರಿಫಂಡೆಬಲ್, ಕೋರ್ಟ್ ದಿಲ್ಲಿಯಲ್ಲಿ’ ಅನ್ನುತ್ತಾರೆ.
(ಅಂಗಡಿ ಮಾಲೀಕ, ಶಹಾಪುರ)

ಉತ್ತರ: ದಿಲ್ಲಿಗೆ ಹೋಗುವ ಅಗತ್ಯವಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 34ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಇಲ್ಲವೇ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಒಪ್ಪಂದದಲ್ಲಿ ಮಧ್ಯಸ್ಥಿಕೆ ಷರತ್ತಿದ್ದರೂ ಗ್ರಾಹಕ ಆಯೋಗದ ದಾರಿ ಮುಚ್ಚುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಡುವ ಉದ್ದೇಶವಿಲ್ಲದೆ ಬಹುಮಾನದ ಆಸೆ ತೋರಿಸುವುದನ್ನು ಅದೇ ಕಾಯ್ದೆಯ 2(47) ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ನಿಮ್ಮ ದೂರಿನ ಬೆನ್ನೆಲುಬು ಅದೇ.

ಕೆಲಸದ ಕ್ರಮ ಮುಖ್ಯ. ಇವತ್ತೇ ಮೊದಲು ಸಾಲ. ಡಿಜಿಟಲ್ ಸಾಲಗಳಿಗೆ ರಿಸರ್ವ್ ಬ್ಯಾಂಕು ‘ಕೂಲಿಂಗ್ ಆಫ್’ ಅವಧಿ ಕಡ್ಡಾಯ ಮಾಡಿದೆ. ಕನಿಷ್ಠ ಒಂದು ದಿನ, ಕೆಲವು ಸಾಲಗಳಲ್ಲಿ ಹೆಚ್ಚೂ ಇರುತ್ತದೆ. ಅಷ್ಟರೊಳಗೆ ಅಸಲು ಮತ್ತು ಕಳೆದಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ನಿಮ್ಮ ಸಾಲದಲ್ಲಿ ಎಷ್ಟು ದಿನ ಅಂತ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಪುಟದಲ್ಲಿರುತ್ತದೆ, ಇಮೇಲ್ ಹುಡುಕಿ. ನಾಲ್ಕು ದಿನದಲ್ಲಿ ಅವಧಿ ಮೀರಿದ್ದರೂ ಸಾಲ ಕೊಟ್ಟ ಸಂಸ್ಥೆಗೆ ‘ಸೇವೆ ರದ್ದು ಮಾಡಿದ್ದೇನೆ, ವ್ಯಾಪಾರಿಯ ಮೇಲೆ ತಕರಾರಿದೆ’ ಅಂತ ಬರೆದು ತಿಳಿಸಿ. ಆದರೆ ಕಂತು ನಿಲ್ಲಿಸಬೇಡಿ. ಇಲ್ಲಿ ಬಹಳ ಜನ ಎಡವುತ್ತಾರೆ: ಕಂಪನಿ ಮೇಲಿನ ಸಿಟ್ಟಿಗೆ ಕಂತು ತಪ್ಪಿಸಿದರೆ ಕೆಡುವುದು ನಿಮ್ಮ ಸಿಬಿಲ್ (ಸಾಲ ಮರುಪಾವತಿಯ ಅಂಕ), ಕಂಪನಿಯದಲ್ಲ.

ಎರಡನೆಯದು ಕಾರ್ಡ್. ಬ್ಯಾಂಕಿಗೆ ಹೋಗಿ ‘ಯಾರೋ ಕದ್ದರು’ ಅನ್ನಬೇಡಿ. ಪಿನ್ ಒತ್ತಿದವರು ನೀವೇ, ಆ ದೂರು ನಿಲ್ಲುವುದಿಲ್ಲ. ಸುಳ್ಳು ಹೇಳಿ ಮಾರಿದ್ದಾರೆ, ಹೇಳಿದ ಸೇವೆ ಕೊಟ್ಟಿಲ್ಲ ಅಂತ ‘ಡಿಸ್ಪ್ಯೂಟ್ ಫಾರ್ಮ್’ ತುಂಬಿ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳಿ. ರದ್ದತಿ ಪತ್ರದ ಪ್ರತಿ ಜೊತೆಗಿಲ್ಲದಿದ್ದರೆ ಅದು ಮುಂದೆ ಹೋಗುವುದು ಕಷ್ಟ. ಹೀಗಾಗಿ ಪತ್ರವೂ ಇವತ್ತೇ: ಒಪ್ಪಂದದ ನಂಬರ್, ತಾರೀಕು, ಕಟ್ಟಿದ ಮೊತ್ತ, ಫೋನಿನಲ್ಲಿ ಹೇಳಿದ್ದೇನು, ಸಿಕ್ಕಿದ್ದೇನು, 15 ದಿನದಲ್ಲಿ ಪೂರ್ತಿ ಹಣ ಬೇಕು. ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿ, ರಸೀದಿ ಇಟ್ಟುಕೊಳ್ಳಿ. ಕೆಲವು ಕಂಪನಿಗಳ ಷರತ್ತಿನಲ್ಲೇ 10 ದಿನದೊಳಗೆ ರದ್ದು ಮಾಡಬಹುದು ಅಂತ ಎಲ್ಲೋ ಮೂಲೆಯಲ್ಲಿರುತ್ತದೆ. ನಿಮಗಿನ್ನೂ ನಾಲ್ಕೇ ದಿನ, ಹುಡುಕಿ. ಟೈಮ್‌ಶೇರ್‌ಗೆಂದೇ, ಅಂದರೆ ಇಂಥ ಹಾಲಿಡೇ ಸದಸ್ಯತ್ವಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ, ಆದ್ದರಿಂದ ಒಪ್ಪಂದದೊಳಗಿನ ಈ ಸಾಲಿಗೆ ಬೆಲೆ ಜಾಸ್ತಿ.

ಕರೆಯ ರೆಕಾರ್ಡಿಂಗ್ ಇಲ್ಲವೇ? ‘ಗಿಫ್ಟ್ ತೆಗೆದುಕೊಳ್ಳಲು ಬನ್ನಿ’ ಅಂತ ಬಂದ ವಾಟ್ಸ್‌ಆ್ಯಪ್ ಮೆಸೇಜೂ ಸಾಕ್ಷಿಯೇ. ಲೆಕ್ಕ ಬರೆದ ಆ ಹಾಳೆಯನ್ನು ಅವರು ವಾಪಸ್ ಕಿತ್ತುಕೊಳ್ಳುತ್ತಾರೆ. ಫೋಟೊ ತೆಗೆದಿದ್ದರೆ ಬಲು ಒಳ್ಳೆಯದು.

15 ದಿನದಲ್ಲಿ ಉತ್ತರ ಬರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಆದರೆ ಹೆಸರು ಉಳಿಸಿಕೊಳ್ಳಬೇಕಾದ ಕಂಪನಿಗಳು ಅಲ್ಲಿಗೇ ಬಗ್ಗುವುದುಂಟು. ಬಗ್ಗದಿದ್ದರೆ ಇ-ಜಾಗೃತಿ ಪೋರ್ಟಲಿನಲ್ಲಿ ಆಯೋಗಕ್ಕೆ ದೂರು. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಪ್ರಶ್ನೆ: ಪ್ರವಾಸ ಬೇಡವಾದರೆ ಬದಲಿಗೆ 6 ಲಕ್ಷ ನಗದು ಕೊಡುತ್ತಾರಂತೆ, ಆದರೆ ಶೇಕಡಾ 30 ತೆರಿಗೆ ಮೊದಲೇ ಕಟ್ಟಬೇಕಂತೆ. ತೆರಿಗೆ ಅಷ್ಟಿರುವುದು ನಿಜ ಅಂತ ನಮ್ಮ ಲೆಕ್ಕಪತ್ರದವರೂ ಹೇಳಿದರು.
(ನಿವೃತ್ತ ನೌಕರ, ಬೀದರ್)

ಉತ್ತರ: ದರ ನಿಜ, ದಾರಿ ಸುಳ್ಳು. 10,000 ದಾಟಿದ ಬಹುಮಾನಕ್ಕೆ ಶೇ 30 ಟಿಡಿಎಸ್ ಇದೆ. ಆದರೆ ನಗದು ಬಹುಮಾನದಲ್ಲಿ ಕೊಡುವವರೇ ಅದನ್ನು ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. 6 ಲಕ್ಷದಲ್ಲಿ 1,80,000 ಹಿಡಿದು 4,20,000 ನಿಮ್ಮ ಖಾತೆಗೆ. ನಿಮ್ಮ ಕೈಯಿಂದ ಮೊದಲು ಕೇಳುವ ಪ್ರಶ್ನೆಯೇ ಬರುವುದಿಲ್ಲ. ಕಾರಿನಂಥ ವಸ್ತು ಬಂದರೆ ಮಾತ್ರ ಅದು ಕೈಗೆ ಬರುವ ಮುನ್ನ ತೆರಿಗೆ ತೀರಿರಬೇಕು, ಮೋಸಗಾರರು ಹಿಡಿದುಕೊಂಡಿರುವುದು ಇದನ್ನೇ. ಆಗಲೂ ಆ ಹಣ ಆದಾಯ ತೆರಿಗೆ ಇಲಾಖೆಗೆ ಹೋಗಿ ನಿಮ್ಮ ಪ್ಯಾನ್ ಮೇಲೆ ದಾಖಲಾಗುತ್ತದೆ. ಯಾರದೋ ಫೋನ್‌ಪೇ ನಂಬರಿಗೆ ತೆರಿಗೆ ಕಟ್ಟುವ ಪದ್ಧತಿ ಈ ದೇಶದಲ್ಲಿಲ್ಲ. ‘ಲಾಟರಿ’ ಅಂದಿದ್ದರೆ ಇನ್ನೊಂದು ಮಾತು: ಕರ್ನಾಟಕದಲ್ಲಿ ಲಾಟರಿ ನಿಷೇಧವಾಗಿದ್ದು 2007ರಲ್ಲೇ.

ಪ್ರಶ್ನೆ: ಉಮ್ರಾ ಯಾತ್ರೆಗೆ ಲಕ್ಕಿ ಡ್ರಾದಲ್ಲಿ ಎರಡು ಟಿಕೆಟ್ ಬಂದಿವೆ, ವೀಸಾ ಮತ್ತು ‘ಸರ್ವಿಸ್’ಗೆ ತಲೆಗೆ 14,000 ಕೊಡಿ ಎಂದಿದ್ದಾರೆ. ನಂಬಿಕೆಗೆ ಪಿಎನ್‌ಆರ್ ಕಳಿಸಿದ್ದಾರೆ, ವಿಮಾನ ಕಂಪನಿಯ ಸೈಟಿನಲ್ಲಿ ನಮ್ಮ ಹೆಸರೂ ಬರುತ್ತಿದೆ. ಪಾಸ್‌ಪೋರ್ಟ್ ಕೊಡಬಹುದೇ?
(ದರ್ಗಾ ಬಡಾವಣೆ, ಕಲಬುರಗಿ)

ಉತ್ತರ: ಹೆಸರು ಬಂದ ಮಾತ್ರಕ್ಕೆ ಟಿಕೆಟ್ ಆಗಿಲ್ಲ. 6 ಅಕ್ಷರದ ಪಿಎನ್‌ಆರ್ ಬರೀ ಕಾಯ್ದಿರಿಸಿದ ಗುರುತು. ದುಡ್ಡು ಕಟ್ಟದೆ ಏಜೆಂಟರು ಸೀಟನ್ನು ಸ್ವಲ್ಪ ಹೊತ್ತು ‘ಹೋಲ್ಡ್’ ಮಾಡಿಡಬಹುದು, ಆಗಲೂ ಪಿಎನ್‌ಆರ್ ಹುಟ್ಟುತ್ತದೆ, ನಿಮ್ಮ ಹೆಸರೂ ಕಾಣುತ್ತದೆ. ಗಡುವು ಮುಗಿದೊಡನೆ ತಾನೇ ರದ್ದಾಗುತ್ತದೆ. ಹಣ ಕಟ್ಟಿದ ಟಿಕೆಟಿಗೆ 13 ಅಂಕಿಯ ಇ-ಟಿಕೆಟ್ ನಂಬರ್ ಇರುತ್ತದೆ, ಮೊದಲ ಮೂರು ಅಂಕಿ ವಿಮಾನ ಕಂಪನಿಯದು. ಅದನ್ನು ಕೇಳಿ. ‘ವೀಸಾ ಆದ ಮೇಲೆ ಬರುತ್ತದೆ’ ಅಂದರೆ ಟಿಕೆಟ್ ಇಲ್ಲ ಅಂತಲೇ ಅರ್ಥ. ಹಜ್ ಸಮಿತಿಯ ಹೆಸರು ಹೇಳಿದ್ದರೆ ಅದೂ ಸುಳ್ಳು. ಸಮಿತಿಯ ಖುರ್ರಾ (ಚೀಟಿ ಎತ್ತುವುದು) ಹಜ್‌ಗೆ ಅರ್ಜಿ ಹಾಕಿದವರಿಗೆ ಮಾತ್ರ, ಉಮ್ರಾ ಅದರ ಕೆಲಸವಲ್ಲ.

ಮೂಲ ಪಾಸ್‌ಪೋರ್ಟನ್ನು ಕೊಡಬೇಡಿ. ಅದು ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಆಸ್ತಿ, ಖಾಸಗಿಯವರು ಒತ್ತೆಯಂತೆ ಇಟ್ಟುಕೊಳ್ಳುವ ಹಾಗಿಲ್ಲ. ಆದರೂ ಒಮ್ಮೆ ಕೈಬಿಟ್ಟರೆ ‘ಇನ್ನೂ 10,000 ಕೊಟ್ಟು ಒಯ್ಯಿರಿ’ ಅನ್ನುವ ಮಾತು ಶುರುವಾಗುತ್ತದೆ. ಚಾರ್‌ಧಾಮ್ ಹೆಲಿಕಾಪ್ಟರ್ ಸೀಟು ಬಹುಮಾನವೆಂಬ ಕರೆ ಬಂದಿದೆ ಅಂತ ಭಾಲ್ಕಿಯಿಂದ ಬರೆದವರಿಗೂ ಇಲ್ಲೇ ಉತ್ತರ: ಕೇದಾರನಾಥ ಹೆಲಿಕಾಪ್ಟರ್ ಟಿಕೆಟಿಗೆ ಅಧಿಕೃತ ತಾಣ ಐಆರ್‌ಸಿಟಿಸಿಯ ‘ಹೆಲಿಯಾತ್ರಾ’ ಒಂದೇ.

ಪ್ರಶ್ನೆ: ಬಹುಮಾನದ ಫಾರ್ಮ್ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲ್ ಒತ್ತಿದೆ, ಒಂದು ಆ್ಯಪ್ ಇಳಿಯಿತು. ಸ್ವಲ್ಪ ಹೊತ್ತಿಗೆ ಖಾತೆಯಿಂದ 18,000 ಹೋಯಿತು. ಓಟಿಪಿ ನಾನು ಯಾರಿಗೂ ಹೇಳಿಲ್ಲ. ಈಗೇನು ಮಾಡಲಿ?
(ರೈತ, ಗುರುಮಠಕಲ್)

ಉತ್ತರ: ಓಟಿಪಿಯನ್ನು ನೀವು ಹೇಳಬೇಕಾಗಿಯೇ ಇರಲಿಲ್ಲ. ಎಪಿಕೆ ಅಂತ ಕೊನೆಯಾಗುವ ಆ ಫೈಲಿಗೆ ಎಸ್‌ಎಂಎಸ್ ಓದುವ ಅನುಮತಿ ಸಿಕ್ಕರೆ ಓಟಿಪಿ ತಾನೇ ಅವರಿಗೆ ಹೋಗುತ್ತದೆ. ಮೊದಲು ಆ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ವೈಫೈ ಆಫ್ ಮಾಡಿ. ಬೇರೆಯವರ ಫೋನಿನಿಂದ 1930ಕ್ಕೆ ಕರೆ ಮಾಡಿ. ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ಹಣ ಹೋದ ಖಾತೆಯ ನಂಬರ್, ಮೊತ್ತ, ತಾರೀಕು, ಸಮಯ, ಮತ್ತು ವ್ಯವಹಾರದ ಗುರುತಿನ ಸಂಖ್ಯೆ, ಯುಪಿಐ ಆಗಿದ್ದರೆ ಅದು 12 ಅಂಕಿ, ಪಾಸ್‌ಬುಕ್ ಎಂಟ್ರಿಯಲ್ಲೂ ಇರುತ್ತದೆ. ಇದಿಲ್ಲದೆ ಕರೆ ಮಾಡಿದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಕಳ್ಳರು ಹಣವನ್ನು ಒಂದು ಖಾತೆಯಿಂದ ನಾಲ್ಕು ಖಾತೆಗೆ, ಅಲ್ಲಿಂದ ಎಟಿಎಮ್ಮಿಗೆ ಓಡಿಸುತ್ತಾರೆ. ನಗದಾಗುವ ಮುನ್ನ ಬ್ಯಾಂಕು ಆ ಖಾತೆಯನ್ನು ತಡೆಹಿಡಿದರೆ ಮಾತ್ರ ಆಸೆ. ಎರಡು ದಿನ ಕಳೆದಿದ್ದರೂ ಮಾಡಿ, ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಸಿಕ್ಕೀತು.

1930ರಲ್ಲಿ ದಾಖಲಾದ ಮೇಲೆ ಬರುವ ಸಂಖ್ಯೆ ಹಿಡಿದು ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್‌ನಲ್ಲಿ ಪೂರ್ತಿ ದೂರು ತುಂಬಿ, ಇಲ್ಲವೇ ಯಾದಗಿರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ತಡೆಹಿಡಿದ ಹಣ ತಾನಾಗಿ ವಾಪಸ್ ಬರುವುದಿಲ್ಲ, ಕೆಲವು ಪ್ರಕರಣಗಳಲ್ಲಿ ಅದಕ್ಕೆ ಕೋರ್ಟಿನ ಆದೇಶ ಬೇಕಾಗುತ್ತದೆ. ಬ್ಯಾಂಕಿಗೂ ಬರಹದಲ್ಲಿ ತಿಳಿಸಿ ತಾರೀಕು, ಸಮಯ ಹಾಕಿಸಿಕೊಂಡ ಸ್ವೀಕೃತಿ ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಗ್ರಾಹಕರ ಅಜಾಗರೂಕತೆ ಇದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆ ಸ್ವೀಕೃತಿಯ ಸಮಯಕ್ಕೆ ಅಷ್ಟು ಬೆಲೆ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಮಾಹಿತಿಗೆ 14448.

ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಆದರೆ ಆ ಫೈಲಿನ, ಚಾಟಿನ ಸ್ಕ್ರೀನ್‌ಶಾಟ್ ಉಳಿಸಿಕೊಂಡ ಮೇಲೆ. ಫೋನಿನಲ್ಲಿ ##002# ಒತ್ತಿದರೆ ಕಾಲ್ ಫಾರ್ವರ್ಡಿಂಗ್ ಏನಾದರೂ ಇಟ್ಟಿದ್ದರೆ ರದ್ದಾಗುತ್ತದೆ. ಮತ್ತೆ, ಕೆಲವು ದಿನಕ್ಕೆ ‘ನಿಮ್ಮ 18,000 ಸಿಕ್ಕಿದೆ, ಬಿಡಿಸಲು 1,500 ಕಟ್ಟಿ’ ಅಂತ ‘ಸೈಬರ್ ಆಫೀಸಿನಿಂದ’ ಫೋನು ಬರಬಹುದು. ಒಮ್ಮೆ ಮೋಸಹೋದವರ ಪಟ್ಟಿಯನ್ನೂ ಮಾರುತ್ತಾರೆ.

ಪ್ರಶ್ನೆ: ನನ್ನ ಹೆಸರು, ಊರು, ಕಾರು ಇರುವುದು ಎಲ್ಲ ಹೇಳುತ್ತಾರೆ. ಎಲ್ಲಿಂದ ಸಿಗುತ್ತದೆ? ಡಿಎನ್‌ಡಿ (ಜಾಹೀರಾತು ಕರೆ ಬೇಡವೆಂಬ ನೋಂದಣಿ) ಹಾಕಿಸಿದರೂ ಕರೆ ನಿಂತಿಲ್ಲ.
(ಆಳಂದ)

ಉತ್ತರ: ಜಾತ್ರೆ, ವಸ್ತುಪ್ರದರ್ಶನ, ಪೆಟ್ರೋಲ್ ಬಂಕು, ಬಟ್ಟೆ ಅಂಗಡಿಗಳಲ್ಲಿ ತುಂಬಿ ಡಬ್ಬಿಗೆ ಹಾಕುವ ಲಕ್ಕಿ ಡ್ರಾ ಚೀಟಿ ನೆನಪಿದೆಯೇ? ಅದರ ಕಾಲಂಗಳನ್ನು ಒಮ್ಮೆ ಗಮನವಿಟ್ಟು ನೋಡಿ: ಹೆಸರು, ಮೊಬೈಲ್, ಮದುವೆ ಆಗಿದೆಯೇ, ಹೆಂಡತಿ ಕೆಲಸದಲ್ಲಿದ್ದಾರೆಯೇ, ತಿಂಗಳ ಆದಾಯ, ಕಾರು ಇದೆಯೇ, ಕ್ರೆಡಿಟ್ ಕಾರ್ಡ್ ಇದೆಯೇ. ಮಿಕ್ಸರ್ ಬಹುಮಾನ ಕೊಡುವವರಿಗೆ ನಿಮ್ಮ ಹೆಂಡತಿಯ ನೌಕರಿ ಯಾಕೆ ಬೇಕು? ಕೆಳಗೆ ಸಣ್ಣದಾಗಿ ‘ಸಂಪರ್ಕಿಸಲು ಒಪ್ಪಿದ್ದೇನೆ’ ಅಂತಲೂ ಇರುತ್ತದೆ.

ಡಿಎನ್‌ಡಿಗೆ ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟಾರ್ಟ್ 0’ ಅಂತ 1909ಕ್ಕೆ ಎಸ್‌ಎಂಎಸ್ ಮಾಡಬೇಕು, ಇಲ್ಲವೇ 1909ಕ್ಕೆ ಕರೆ ಮಾಡಬೇಕು. ಬ್ಯಾಂಕಿನ ಓಟಿಪಿ ನಿಲ್ಲುವುದಿಲ್ಲ, ಹೆದರಬೇಡಿ. ಆದರೆ ಡಿಎನ್‌ಡಿ ತಡೆಯುವುದು ನೋಂದಾಯಿತ ಟೆಲಿಮಾರ್ಕೆಟಿಂಗ್ ಸಂಸ್ಥೆಗಳನ್ನು. ಅವರ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ನಿಮಗೆ ಬರುತ್ತಿರುವುದು ಸಾದಾ 10 ಅಂಕಿಯ ಮೊಬೈಲಿನಿಂದ, ಅಂದರೆ ನೋಂದಣಿಯನ್ನೇ ಮಾಡದವರಿಂದ. ಅಂಥವರನ್ನು ನಿಲ್ಲಿಸುವುದು ದೂರು ಮಾತ್ರ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿದೆ. ಡಿಎನ್‌ಡಿ ಇರಲಿ ಬಿಡಲಿ, ಕರೆ ಬಂದ 7 ದಿನದೊಳಗೆ ದೂರು ಕೊಡಬಹುದು; ಮೊದಲು 3 ದಿನವಿತ್ತು. ನೋಂದಣಿಯಿಲ್ಲದವರ ಮೇಲೆ 5 ದಿನದಲ್ಲಿ ಕ್ರಮ ಆಗಬೇಕು, ಮೊದಲು 30 ದಿನವಿತ್ತು. ಒಂದು ನಂಬರಿನ ಮೇಲೆ 10 ದಿನದಲ್ಲಿ 5 ದೂರು ಬಂದರೆ ಕ್ರಮ ಶುರು. ಅಂದರೆ ನೀವೊಬ್ಬರೇ ಅಲ್ಲ, ಅದೇ ನಂಬರಿನಿಂದ ಕರೆ ಬಂದ ಓಣಿಯ ಇನ್ನು ನಾಲ್ವರೂ ಕೊಡಬೇಕು. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಕರೆಯನ್ನು ಆರಿಸಿ ಎರಡು ಸಾಲು ಬರೆದರೆ ಸಾಕು. ಬರೀ ಬ್ಲಾಕ್ ಮಾಡಿ ಸುಮ್ಮನಾದರೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ವಾಟ್ಸ್‌ಆ್ಯಪ್ ಕರೆಗಳಿಗೆ 1909 ಉಪಯೋಗವಿಲ್ಲ. ದೂರಸಂಪರ್ಕ ಇಲಾಖೆಯ ತಾಣವಾದ ಸಂಚಾರ್ ಸಾಥಿಯ ‘ಚಕ್ಷು’ವಿನಲ್ಲಿ ವರದಿ ಮಾಡಿ. ಅದು ಹಣ ಕಳೆದುಕೊಳ್ಳದವರಿಗೆ; ಕಳೆದುಕೊಂಡಿದ್ದರೆ ನೇರ 1930. ಅದೇ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ಒಮ್ಮೆ ನೋಡಿಬಿಡಿ.

ಪ್ರಶ್ನೆ: ಮಗನಿಗೆ ಹೈದರಾಬಾದಿನಲ್ಲಿ ‘ಟೂರಿಸಂ ಟೆಲಿಕಾಲರ್’ ಕೆಲಸ ಸಿಕ್ಕಿದೆ. ಸ್ವಂತ ಸಿಮ್‌ನಿಂದಲೇ ದಿನಕ್ಕೆ 200 ಕರೆ, ಗಿರಾಕಿಗಳು ಹಾಕುವ ರಿಜಿಸ್ಟ್ರೇಷನ್ ಹಣ ಅವನ ಖಾತೆಗೇ ಬಂದು ಅವನು ಕಂಪನಿಗೆ ಕಳಿಸಬೇಕಂತೆ. ತೊಂದರೆ ಇಲ್ಲವೇ?
(ತಂದೆ, ಔರಾದ್)

ಉತ್ತರ: ಇದೆ, ದೊಡ್ಡದೇ ಇದೆ. ನೋಂದಾಯಿತ ಸಂಸ್ಥೆ ನೌಕರನ ಸ್ವಂತ ಸಿಮ್ಮಿನಲ್ಲಿ ಮಾರಾಟದ ಕರೆ ಮಾಡಿಸುವುದಿಲ್ಲ. ದೂರು ಬಂದರೆ ಮೊದಲ ಸಲ 15 ದಿನ ಅವನ ಹೆಸರಿನ ನಂಬರುಗಳಿಂದ ಹೊರಹೋಗುವ ಕರೆ ಬಂದ್, ಮತ್ತೆ ಸಿಕ್ಕರೆ ಒಂದು ವರ್ಷ ಎಲ್ಲ ಮೊಬೈಲ್ ಕಂಪನಿಗಳಲ್ಲೂ ಸಂಪರ್ಕ ಕಡಿತ. ಅದಕ್ಕಿಂತ ಅಪಾಯ ಖಾತೆಯದು. 1930ಕ್ಕೆ ದೂರು ಹೋದಾಗ ಮೊದಲು ಸಿಗುವ ಹೆಸರು, ಮೊದಲು ಜಪ್ತಾಗುವ ಖಾತೆ ಅವನದೇ; ಹೇಳಿಕೊಟ್ಟವರದು ಎಲ್ಲೂ ಇರುವುದಿಲ್ಲ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318(4)ರಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಬೇರೆಯವರ ದಾಖಲೆ ಕೊಟ್ಟು ಸಿಮ್ ಕೊಳ್ಳಲು ಹೇಳಿದರಂತೂ, ದೂರಸಂಪರ್ಕ ಕಾಯ್ದೆ 2023ರಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ.

ಈಗಾಗಲೇ ಹಣ ಬಂದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ, ಖರ್ಚೂ ಮಾಡಬೇಡಿ. ಬ್ಯಾಂಕಿಗೆ ಬರೆದುಕೊಟ್ಟು, ನೇಮಕದ ಮೆಸೇಜುಗಳ ಪ್ರತಿ ಹಿಡಿದು ಬೀದರಿನ ಸಿಇಎನ್ ಠಾಣೆಗೆ ನೀವೇ ಕರೆದುಕೊಂಡು ಹೋಗಿ. ತಾನಾಗಿ ಹೋದವನ ಮಾತಿಗೂ, ಹುಡುಕಿ ತಂದವನ ಮಾತಿಗೂ ತೂಕ ಬೇರೆ. ಹೋಗುವ ಮೊದಲು ಒಬ್ಬ ವಕೀಲರನ್ನು ಕಾಣಿ.

ಪ್ರಶ್ನೆ: ತಂದೆಗೆ 72. ಇಂಥ ಫೋನು ಬಂದರೆ ಅರ್ಧ ತಾಸು ಮಾತಾಡುತ್ತಾರೆ. ಬೈದರೆ ಬೇಜಾರಾಗುತ್ತಾರೆ. ಫೋನಿನಲ್ಲೇ ಏನಾದರೂ ಮಾಡಬಹುದೇ?
(ಸುರಪುರ)

ಉತ್ತರ: ಬೈಯಬೇಡಿ, ಬೈಸಿಕೊಂಡವರು ಮುಂದಿನ ಸಲ ದುಡ್ಡು ಹೋದರೂ ಹೇಳುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ, ಕಾಲ್ಸ್‌ಗೆ ಹೋಗಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಆನ್ ಮಾಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ ವಾಟ್ಸ್‌ಆ್ಯಪ್ ಮತ್ತು ಕ್ರೋಮ್ ಎರಡಕ್ಕೂ ಅನುಮತಿ ತೆಗೆಯಿರಿ. ಗುರುಮಠಕಲ್‌ನವರಿಗೆ ಆದದ್ದು ಇಲ್ಲಿ ತಪ್ಪುತ್ತಿತ್ತು. ಪಿಂಚಣಿ ಬರುವ ಖಾತೆಯನ್ನು ಯುಪಿಐನಿಂದ ಬಿಡಿಸಿ, ಬೇರೊಂದು ಖಾತೆ ಜೋಡಿಸಿ ಅದರಲ್ಲಿ 3,000ಕ್ಕಿಂತ ಹೆಚ್ಚು ಇಡಬೇಡಿ. ಬ್ಯಾಂಕ್ ಆ್ಯಪ್‌ನಲ್ಲಿ ದಿನದ ಮಿತಿಯನ್ನೂ ಇಳಿಸಬಹುದು. ಹಣ ಬರಬೇಕಾದರೆ ಪಿನ್ ಬೇಡ, ಪಿನ್ ಕೇಳಿದರೆ ಹಣ ಹೋಗುತ್ತಿದೆ ಅಂತ ಒಂದು ಚೀಟಿಯಲ್ಲಿ ದಪ್ಪಗೆ ಬರೆದು ಫೋನಿನ ಕವರಿನ ಒಳಗೆ ಇಡಿ. ಎಸ್‌ಎಂಎಸ್ ಓದುವವರಾದರೆ ಇದನ್ನೂ ಕಲಿಸಿ: ಕಳಿಸಿದವರ ಹೆಸರಿನ ಕೊನೆಗೆ ಪಿ ಅಕ್ಷರವಿದ್ದರೆ ಜಾಹೀರಾತು, ಜಿ ಇದ್ದರೆ ಸರ್ಕಾರದ್ದು, ಎಸ್ ಮತ್ತು ಟಿ ಇದ್ದರೆ ಸೇವೆ ಮತ್ತು ವ್ಯವಹಾರದ್ದು. ಸಾದಾ ಮೊಬೈಲ್ ನಂಬರಿನಿಂದ ಬಂದ ‘ಬಹುಮಾನ’ವನ್ನು ತೆರೆಯದೆ ನಿಮಗೆ ತೋರಿಸಲಿ, 1909ಕ್ಕೆ ದೂರು ನೀವೇ ಹಾಕಿಕೊಡಿ.